ಕಂಪನಿಯ ಹಂಗಿಲ್ಲದೆ ಹಾಡಿಗೆ ಕೇಳುಗರನ್ನು ಕಂಡುಕೊಳ್ಳುವ ಬಗೆ

ಭಾವಗೀತೆ, ವಚನ, ತತ್ತ್ವಪದಗಳನ್ನು ಹಾಡುವವರು ಸ್ವಂತ ಖರ್ಚಿನಲ್ಲಿ ಹಾಡು ಬಿಡುಗಡೆ ಮಾಡಲು ಹೊರಟಾಗ, ಸ್ಟುಡಿಯೋ ಬಾಡಿಗೆಯ ಲೆಕ್ಕಕ್ಕೂ ಮೊದಲು ಸಾಹಿತ್ಯ ಮತ್ತು ಧಾಟಿ ಯಾರಿಗೆ ಸೇರಿದ್ದೆಂದು ನೋಡಿಕೊಳ್ಳಬೇಕು. ನಮ್ಮ ಕಾನೂನಿನಲ್ಲಿ ಕವಿಯ ಹಕ್ಕು ಅವರು ತೀರಿಕೊಂಡ ಮರುವರ್ಷದಿಂದ 60 ವರ್ಷ ಉಳಿಯುತ್ತದೆ. ಬೇಂದ್ರೆಯವರು 1981ರಲ್ಲಿಯೂ ಕುವೆಂಪು ಅವರು 1994ರಲ್ಲಿಯೂ ತೀರಿಕೊಂಡದ್ದರಿಂದ, ಅವರ ಕಾಲದಲ್ಲಿ ಪ್ರಕಟವಾದ ಕವಿತೆಗಳಿಗೆ ಕ್ರಮವಾಗಿ 2041 ಮತ್ತು 2054ರ ಕೊನೆಯವರೆಗೆ ಹಕ್ಕುದಾರರ ಲಿಖಿತ ಒಪ್ಪಿಗೆ ಬೇಕು. ಬಸವಣ್ಣನವರ ವಚನಕ್ಕಾಗಲಿ, 1889ರಲ್ಲಿ ತೀರಿಕೊಂಡ ಶಿಶುನಾಳ ಶರೀಫರ ಪದಕ್ಕಾಗಲಿ ಈ ಕಟ್ಟಿಲ್ಲ. ಆದರೆ ಶರೀಫರ ಪದಗಳಿಗೆ ಸಿ. ಅಶ್ವತ್ಥ್ ಹಾಕಿದ ಧಾಟಿಗೆ ಪ್ರತ್ಯೇಕ ಹಕ್ಕಿದೆ. ಪದ ಹಳೆಯದೆಂದ ಮಾತ್ರಕ್ಕೆ ಧಾಟಿ ಬಿಟ್ಟಿ ಸಿಗುವುದಿಲ್ಲ. ಕೇಳುಗರ ವಿಚಾರದಲ್ಲಿ ಈ ಮಾತೇಕೆಂದರೆ, ಹಾಡು ಹತ್ತು ಜನರಿಂದ ಹತ್ತು ಸಾವಿರ ಜನಕ್ಕೆ ಹಬ್ಬುವ ಹೊತ್ತಿಗೆ ಯೂಟ್ಯೂಬ್‌ನ ವ್ಯವಸ್ಥೆ ಅದನ್ನು ಬೇರೆಯವರ ಸ್ವತ್ತೆಂದು ಗುರುತಿಸಿ ತಡೆದರೆ, ಪಟ್ಟ ಶ್ರಮವೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಗುತ್ತದೆ.

ಡಿಸ್ಟ್ರೋಕಿಡ್, ಟ್ಯೂನ್‌ಕೋರ್‌ನಂತಹ ವಿತರಣಾ ಸೇವೆಗಳು ಶುಲ್ಕ ಪಡೆದು ಹಾಡನ್ನು ಸ್ಪಾಟಿಫೈ, ಜಿಯೋಸಾವನ್ ಮುಂತಾದೆಡೆ ತಲುಪಿಸುತ್ತವೆ. ಅಲ್ಲಿ ಹೆಸರಿನ ಕಾಗುಣಿತವನ್ನು ಒಮ್ಮೆ ನಿಶ್ಚಯಿಸಿದ ಮೇಲೆ ಬದಲಿಸಬಾರದು. ಒಂದು ಹಾಡಿಗೆ ಇನಿಷಿಯಲ್ ಸೇರಿಸಿ, ಮುಂದಿನದಕ್ಕೆ ಬಿಟ್ಟರೆ ಒಬ್ಬ ಗಾಯಕಿಯೇ ಇಬ್ಬರಾಗಿ ಕಾಣಿಸಬಹುದು. ಮೆಚ್ಚಿದವರು ಹುಡುಕಿದರೂ ಅರ್ಧದಷ್ಟು ಹಾಡುಗಳು ಸಿಗುವುದಿಲ್ಲ. ಸ್ಪಾಟಿಫೈಯಲ್ಲಿ ಬಿಡುಗಡೆಗೆ ಕನಿಷ್ಠ ಏಳು ದಿನ ಮೊದಲೇ ಹಾಡಿನ ವಿವರ ಸಲ್ಲಿಸಿದರೆ, ನಿಮ್ಮನ್ನು ಅನುಸರಿಸುವವರ ಹೊಸ ಹಾಡುಗಳ ಪಟ್ಟಿಗೆ ಅದು ಸೇರುತ್ತದೆ.

ಇಷ್ಟಾದರೂ ಹಾಡು ಅಂಗಡಿಯ ಕಪಾಟಿನಲ್ಲಿ ಇದ್ದಂತೆಯೇ. ನನ್ನ ದೃಷ್ಟಿಯಲ್ಲಿ, ನಡುವೆ ಯಾವ ಆ್ಯಪಿನ ಕೃಪೆಯೂ ಇಲ್ಲದೆ ನೀವು ಮತ್ತೊಮ್ಮೆ ತಲುಪಬಲ್ಲವರು ಮಾತ್ರ ನಿಮ್ಮ ಕೇಳುಗರು. ಆದ್ದರಿಂದ ಪ್ರತಿ ಕಾರ್ಯಕ್ರಮಕ್ಕೂ ಇನ್ನೂರು ಪುಟದ ಒಂದು ನೋಟ್‌ಬುಕ್ ಒಯ್ಯಿರಿ. ಹೆಸರು, ಊರು, ಮೊಬೈಲ್ ಸಂಖ್ಯೆ, ಇಷ್ಟವಾದ ಹಾಡು ಎಂದು ನಾಲ್ಕು ಕಲಂ ಎಳೆದು, ಪೆನ್ನನ್ನು ದಾರದಿಂದ ಕಟ್ಟಿ, ಬಾಗಿಲ ಬಳಿ ಚಪ್ಪಲಿ ಮೆಟ್ಟಿಕೊಳ್ಳುವ ಜಾಗದಲ್ಲಿ ಇಡಿರಿ. ವೇದಿಕೆಯ ಪಕ್ಕದಲ್ಲಿಟ್ಟರೆ ಸಂಕೋಚದ ಜನ ಹತ್ತಿರ ಬರುವುದಿಲ್ಲ. ಕೊನೆಯ ಹಾಡಿಗೆ ಮೊದಲು, ಶ್ರುತಿ ಸರಿಪಡಿಸಿಕೊಳ್ಳುವ ಬಿಡುವಿನಲ್ಲಿ, ಆ ನೋಟ್‌ಬುಕ್ಕಿನ ವಿಷಯವನ್ನು ನೀವೇ ಹೇಳಿರಿ. ಮನೆಗೆ ಬಂದು ಆ ಸಂಖ್ಯೆಗಳನ್ನು ವಾಟ್ಸ್ಆ್ಯಪ್‌ನ ಬ್ರಾಡ್‌ಕಾಸ್ಟ್ ಪಟ್ಟಿಗೆ ಸೇರಿಸಬಹುದು. ಒಂದು ಪಟ್ಟಿಗೆ 256 ಜನರ ಮಿತಿಯಿದೆ. ಜೊತೆಗೆ, ನಿಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಆ ಸಂದೇಶ ಮುಟ್ಟುತ್ತದೆ. ಹಾಗಾಗಿ ಮರುದಿನವೇ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ, ಅವರು ಬರೆದ ಹಾಡಿನ ಹೆಸರನ್ನೇ ಎತ್ತಿ ಧನ್ಯವಾದ ತಿಳಿಸಿ, ಸಂಖ್ಯೆ ಉಳಿಸಿಕೊಳ್ಳುವಂತೆ ಕೇಳಿರಿ. ಬೇಸರ ತರಿಸುವ ಕೆಲಸ ನಿಜ, ಆದರೆ ಇದಕ್ಕಿಂತ ಫಲ ಕೊಡುವ ಇನ್ನೊಂದನ್ನು ನಾನು ಕಂಡಿಲ್ಲ. ಆಮೇಲೆ ಮಾತ್ರ ತಿಂಗಳಿಗೊಂದಕ್ಕಿಂತ ಹೆಚ್ಚು ಸಂದೇಶ ಬೇಡ; ಶುಭೋದಯದ ಚಿತ್ರಗಳಂತೂ ಬೇಡವೇ ಬೇಡ.

ವೇದಿಕೆಗಳಿಗೆ ನಮ್ಮಲ್ಲಿ ಬರವಿಲ್ಲ. ಗಣೇಶೋತ್ಸವ ಮುಗಿದು ನವರಾತ್ರಿ, ಅದು ಕಳೆದರೆ ನವೆಂಬರ್ ತಿಂಗಳಿಡೀ ಬಡಾವಣೆ, ಕಚೇರಿ, ಕಾರ್ಖಾನೆಗಳಲ್ಲಿ ರಾಜ್ಯೋತ್ಸವ ನಡೆಯುತ್ತದೆ. ಸಮಿತಿಯವರನ್ನು ಜುಲೈ, ಆಗಸ್ಟ್‌ನಲ್ಲೇ ಕಂಡು, ಮೂರು ನಿಮಿಷದ ಒಂದೇ ಧ್ವನಿಮುದ್ರಣ ಕೇಳಿಸಿರಿ. ಆಕಾಶವಾಣಿಯ ಸುಗಮ ಸಂಗೀತದ ಆಡಿಷನ್‌ನಲ್ಲಿ ಸಿಗುವ ಗ್ರೇಡಿಗೆ ಊರಿನ ಸಂಘಟಕರಲ್ಲಿ ಇಂದಿಗೂ ಬೆಲೆಯಿದೆ. ಬೆಂಗಳೂರಿನ ರೇಡಿಯೋ ಆ್ಯಕ್ಟಿವ್, ಮಂಗಳೂರಿನ ರೇಡಿಯೋ ಸಾರಂಗ್‌ನಂತಹ ಸಮುದಾಯ ಬಾನುಲಿಗಳನ್ನೂ ವಿಚಾರಿಸಿರಿ. ದುಬೈ, ಸಿಂಗಪುರ, ಅಮೆರಿಕದ ಕನ್ನಡ ಸಂಘಗಳಿಗೆ ಬರೆಯುವಾಗ ಪ್ರವಾಸದ ಮಾತೆತ್ತದೆ, ಅವರ ಹಬ್ಬದ ದಿನಕ್ಕೆ ಆನ್‌ಲೈನ್‌ನಲ್ಲಿ ಅರ್ಧ ಗಂಟೆ ಹಾಡುವೆನೆಂದರೆ ಉತ್ತರ ಬೇಗ ಬರುತ್ತದೆ.

ಹಣ ಕೊಟ್ಟರೆ ಲಕ್ಷ ಕೇಳಿಕೆ ತಂದುಕೊಡುವೆವೆಂಬವರನ್ನು ದೂರವಿಡಿರಿ. ಕೃತಕ ಕೇಳಿಕೆ ಪತ್ತೆಯಾದರೆ ಹಾಡನ್ನೇ ತೆಗೆದುಹಾಕುವ ಸಾಧ್ಯತೆಯಿದೆ.

ಆದಾಯ ನಿಧಾನವಾಗಿಯೇ ಬರುತ್ತದೆ. ಹಿಂದಿನ 12 ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ಸ್ಪಾಟಿಫೈ 2024ರಿಂದ ಗೌರವಧನ (ರಾಯಲ್ಟಿ) ಕೊಡುತ್ತಿಲ್ಲ. ಸ್ವಂತ ಸಾಹಿತ್ಯ ಅಥವಾ ಧಾಟಿ ಇರುವವರು, ಗೀತರಚನೆಕಾರರ, ಸಂಯೋಜಕರ ಪರವಾಗಿ ಗೌರವಧನ ಸಂಗ್ರಹಿಸಲು 1969ರಲ್ಲಿ ಆರಂಭವಾದ ಸಂಸ್ಥೆ ಐಪಿಆರ್‌ಎಸ್‌ನ ಸದಸ್ಯತ್ವ ಪಡೆದು ಪ್ರತಿ ಹಾಡನ್ನೂ ಅಲ್ಲಿ ನೋಂದಾಯಿಸಿದರೆ, ಬೇರೆಯವರು ಅದನ್ನು ವೇದಿಕೆಯಲ್ಲೋ ಬಾನುಲಿಯಲ್ಲೋ ಬಳಸಿದಾಗ ಸಂಗ್ರಹವಾಗುವ ಗೌರವಧನದಲ್ಲಿ ಪಾಲು ಪಡೆಯಬಹುದು.