ಮುಂಬಾಗಿಲಿನ ಪತ್ರದ ಕಂಡಿಯನ್ನು ಮುಚ್ಚಿದ ಬಗೆ

ಕಾರವಾರದ ಕೋಡಿಬಾಗದಲ್ಲಿ ನಾವು ಕೊಂಡ ಹಳೆಯ ಮನೆಯ ಮುಂಬಾಗಿಲಿನ ನಡುಪಟ್ಟಿಯಲ್ಲಿ ಹತ್ತು ಇಂಚು ಅಗಲ, ಎರಡು ಇಂಚು ಎತ್ತರದ ಒಂದು ಪತ್ರದ ಕಂಡಿ, ಅಂದರೆ ಹೊರಗಿನಿಂದಲೇ ಪತ್ರ ಒಳಗೆ ಹಾಕುವ ಸೀಳು, ಇತ್ತು. ಮನೆ ಕಟ್ಟಿಸಿದವರು ಬಹುಕಾಲ ಮುಂಬಯಿಯಲ್ಲಿ ನೌಕರಿ ಮಾಡಿ ಊರಿಗೆ ಮರಳಿದವರಾದ್ದರಿಂದ, ಅಲ್ಲಿಯ ಫ್ಲ್ಯಾಟುಗಳ ಬಾಗಿಲಲ್ಲಿ ಕಂಡದ್ದನ್ನು ಇಲ್ಲಿಯೂ ಮಾಡಿಸಿರಬೇಕು. ಅಮೆರಿಕದಲ್ಲಿ 1923ರಿಂದ ಮನೆಗೊಂದು ಅಂಚೆಪೆಟ್ಟಿಗೆಯೋ ಬಾಗಿಲಲ್ಲಿ ಕಂಡಿಯೋ ಇರಲೇಬೇಕೆಂದು ಅಂಚೆ ಇಲಾಖೆ ಕಟ್ಟುನಿಟ್ಟು ಮಾಡಿತ್ತಂತೆ. ನಮ್ಮ ಕರಾವಳಿಯ ಜಗಲಿ ಮನೆಗಳಲ್ಲಿ ಆ ರೂಢಿ ಬೆಳೆಯಲಿಲ್ಲ. ಪೋಸ್ಟ್‌ಮನ್ ಜಗಲಿಯ ಮೆಟ್ಟಿಲಲ್ಲಿ ನಿಂತು ಕೂಗುತ್ತಾನೆ, ಒಳಗಿನಿಂದ ಉತ್ತರ ಬಾರದಿದ್ದರೆ ಕಿಟಕಿಯ ಸರಳಿಗೆ ಪತ್ರ ಸಿಕ್ಕಿಸಿ ಹೋಗುತ್ತಾನೆ.

ಕಂಡಿಯ ಮೇಲಿನ ಹಿತ್ತಾಳೆಯ ಮುಚ್ಚಳದ ಸ್ಪ್ರಿಂಗ್ ಸತ್ತುಹೋಗಿತ್ತು. ಗಾಳಿ ಬೀಸಿದಾಗ ಅದು ಪಟಪಟನೆ ಬಡಿದುಕೊಳ್ಳುತ್ತಿದ್ದುದನ್ನು ಹೇಗೋ ಸಹಿಸಬಹುದಿತ್ತು. ಸಹಿಸಲಾಗದ ಸಂಗತಿ ಬೇರೆಯೇ ಇತ್ತು. ಬಾಗಿಲಿನ ಒಳಮೈಯಲ್ಲಿ, ಕಂಡಿಯಿಂದ ಒಂದು ಗೇಣಿಗಿಂತ ಸ್ವಲ್ಪ ಮೇಲೆ, ಗುಬ್ಬಿ ತಿರುಗಿಸಿದರೆ ತೆರೆದುಕೊಳ್ಳುವ ಲಾಚ್ ಇತ್ತು. ಪಕ್ಕದ ಗೋಡೆಯ ಮೊಳೆಗೆ ಸ್ಕೂಟರಿನ ಕೀಲಿ ಮತ್ತು ಹಿತ್ತಲ ಬಾಗಿಲಿನ ಕೀಲಿಗಳನ್ನು ತೂಗುಹಾಕುವ ಅಭ್ಯಾಸ ನಮಗಿತ್ತು. ಒಂದು ದಿನ ಹಳೆಯ ಕೊಡೆಯ ಕಡ್ಡಿಯೊಂದರ ತುದಿಯನ್ನು ಬಗ್ಗಿಸಿ, ಜಗಲಿಯಲ್ಲಿ ಮಂಡಿಯೂರಿ ಕುಳಿತು, ಕಂಡಿಯೊಳಗೆ ತೂರಿಸಿ ನೋಡಿದೆ. ಕೀಲಿಗೊಂಚಲು ಹೆಚ್ಚು ಪರದಾಟವಿಲ್ಲದೆ ಹೊರಗೆ ಬಂತು. ಲಾಚಿನ ಗುಬ್ಬಿಗೆ ಸ್ವಲ್ಪ ತಾಳ್ಮೆ ಬೇಕಾಯಿತಾದರೂ ಅದೂ ತಿರುಗಿತು. ಎರಡು ಇಂಚಿನ ಕಂಡಿಯಲ್ಲಿ ತೆಳ್ಳಗಿನ ಹುಡುಗನ ಕೈ ಮೊಣಕೈಯವರೆಗೆ ಸಲೀಸಾಗಿ ಹೋಗುತ್ತದೆ, ಅಂಥವನಿಗೆ ಕಡ್ಡಿಯೂ ಬೇಕಿಲ್ಲ. ಮನೆಗೆ ಬೀಗ ಹಾಕಿಕೊಂಡು ನಾಲ್ಕು ದಿನ ಶಿರಸಿಗೆ ಹೋದರೆ ಒಳಗಿನ ನೆಲದ ಮೇಲೆ ಬಿದ್ದ ಪತ್ರ, ಪತ್ರಿಕೆಗಳ ರಾಶಿ ಕಂಡಿಯಿಂದ ಇಣುಕಿದವರಿಗೆಲ್ಲ ಕಾಣುತ್ತಿತ್ತು.

ಇದರ ಜೊತೆಗೆ ಮಳೆಯ ಬಾಧೆ. ಕಾರವಾರದಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ, ನೈಋತ್ಯದ ಗಾಳಿಯೊಡನೆ ಓರೆಯಾಗಿ ಬೀಳುತ್ತದೆ. ನಮ್ಮ ಬಾಗಿಲು ಪಶ್ಚಿಮಕ್ಕೆ ಮುಖ ಮಾಡಿದೆ. ಎರಚಲು ನೀರು ಕಂಡಿಯಿಂದ ಒಳಗಿಳಿದು ಹೊಸ್ತಿಲ ಬಳಿ ನಿಲ್ಲುತ್ತಿತ್ತು. ಜಿರಲೆ, ಹಲ್ಲಿ, ಸಾಲದ್ದಕ್ಕೆ ಶತಪದಿಗಳಿಗೂ ಅದೇ ದಾರಿಯಾಗಿತ್ತು.

ಕಂಡಿಯನ್ನು ಉಳಿಸಿಕೊಂಡೇ ಸರಿಪಡಿಸುವ ಉಪಾಯಗಳನ್ನು ಮೊದಲು ಯೋಚಿಸಿದೆ. ಬಿಗಿಯಾದ ಸ್ಪ್ರಿಂಗ್‌ನ ಹೊಸ ಮುಚ್ಚಳ ಮಳೆಯನ್ನು ತಡೆದೀತೇ ಹೊರತು ಕೈಯನ್ನು ತಡೆಯದು. ಒಳಬದಿಗೆ ಬ್ರಶ್ಶಿನಂಥ ಕೂದಲುಪಟ್ಟಿ ಕೂರಿಸಿದರೆ ಇಣುಕುನೋಟ ತಪ್ಪುತ್ತದೆ, ಕಡ್ಡಿ ಮಾತ್ರ ನಿರಾತಂಕವಾಗಿ ಹಾಯುತ್ತದೆ. ಒಳಗೆ ಗಟ್ಟಿಮುಟ್ಟಾದ ಪೆಟ್ಟಿಗೆಯನ್ನು ಬೋಲ್ಟ್ ಮಾಡುವುದು ಇವುಗಳಲ್ಲಿ ಒಳ್ಳೆಯದು, ಏಕೆಂದರೆ ತೂರಿಸಿದ ಕೈ ಅಥವಾ ಕಡ್ಡಿ ಪೆಟ್ಟಿಗೆಯ ಗೋಡೆಗೆ ತಾಗಿ ಅಲ್ಲಿಗೇ ನಿಲ್ಲುತ್ತದೆ. ಗೇಟು, ಕಾಂಪೌಂಡುಗಳಿಲ್ಲದೆ ಬೀದಿಗೇ ತೆರೆದ ಬಾಗಿಲಿನ ಮನೆಯವರಿಗೆ ನಾನು ಅದನ್ನೇ ಹೇಳುತ್ತೇನೆ. ನಮ್ಮ ಬಾಗಿಲಾದರೋ ಪೂರ್ತಿ ತೆರೆದಾಗ ಗೋಡೆಗೆ ಒರಗುವಂಥದ್ದು, ಪೆಟ್ಟಿಗೆ ಕೂರಿಸಿದರೆ ಅರ್ಧಕ್ಕೇ ನಿಲ್ಲುತ್ತಿತ್ತು. ಅಲ್ಲದೆ ಬಾಗಿಲಿನ ಕಂಡಿಗೆ ಈಗ ಉಳಿದಿರುವ ಕೆಲಸವಾದರೂ ಎಷ್ಟು? ಪಾಸ್‌ಪೋರ್ಟು, ಬ್ಯಾಂಕಿನ ಕಾರ್ಡುಗಳು ಸ್ಪೀಡ್ ಪೋಸ್ಟಿನಲ್ಲಿ ಬಂದು ಸಹಿ ಪಡೆದೇ ಕೈಸೇರುತ್ತವೆ. 2025ರಲ್ಲಿ ರಿಜಿಸ್ಟರ್ಡ್ ಅಂಚೆಯೂ ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಗಿದೆ. ಉಳಿದದ್ದು ಮದುವೆಯ ಕರೆಯೋಲೆ, ವಿಮೆಯ ನೋಟೀಸು, ಒಂದೆರಡು ಮಾಸಪತ್ರಿಕೆ ಮತ್ತು ಕರೆಂಟ್ ಬಿಲ್ಲು. ಇಷ್ಟಕ್ಕಾಗಿ ಮುಂಬಾಗಿಲಿನಲ್ಲಿ ತೂತು ಇಟ್ಟುಕೊಳ್ಳುವುದು ನನಗೆ ಸರಿಕಾಣಲಿಲ್ಲ.

ಹಾಗಾಗಿ ಕಂಡಿಯನ್ನು ಮುಚ್ಚುವುದೆಂದಾಯಿತು. ಹೊರಗಿನಿಂದ ಒಂದು ಹಿತ್ತಾಳೆ ತಗಡು ಇಟ್ಟು ನಾಲ್ಕು ಸ್ಕ್ರೂ ಬಿಗಿಯುವುದನ್ನು ಬಹಳ ಮನೆಗಳಲ್ಲಿ ಕಂಡಿದ್ದೇನೆ. ಹೊರಗಿನಿಂದ ಬಿಗಿದದ್ದನ್ನು ಹೊರಗಿನಿಂದಲೇ ಬಿಚ್ಚಬಹುದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಮುದ್ರದ ಗಾಳಿಯಲ್ಲಿ ಹಿತ್ತಾಳೆಗೆ ಕಬ್ಬಿಣದ ಸ್ಕ್ರೂ ಜೋಡಿಸಿದರೆ ಕಬ್ಬಿಣವೇ ಮೊದಲು ತಿಂದುಹೋಗುತ್ತದೆ. ನಮ್ಮ ಹಳೆಯ ಮುಚ್ಚಳವನ್ನು ಬಿಚ್ಚುವಾಗ ಎರಡು ಸ್ಕ್ರೂಗಳ ತಲೆ ಪುಡಿಯಾಗಿ ಉದುರಿತು, ಕಾಂಡ ಮರದಲ್ಲೇ ಉಳಿಯಿತು. ಹಿತ್ತಾಳೆಯ ಅಂಚೂ ನಸುಗೆಂಪು ಬಣ್ಣಕ್ಕೆ ತಿರುಗಿತ್ತು; ಉಪ್ಪುಗಾಳಿಗೆ ಅದರೊಳಗಿನ ಸತು ಕರಗಿ ತಾಮ್ರ ಮಾತ್ರ ಉಳಿದಾಗ ಹಾಗಾಗುತ್ತದೆ.

ನಾನು ಆರಿಸಿಕೊಂಡದ್ದು ಕಂಡಿಗೆ ಮರದ ತುಂಡನ್ನೇ ಕೂರಿಸಿ, ಒಳಬದಿಯಿಂದ ಮಾತ್ರ ಸ್ಟೀಲಿನ ಪಟ್ಟಿ ಬಿಗಿಯುವ ವಿಧಾನ. ಹೊರಗಿನವರಿಗೆ ಹಿಡಿಯಲು, ತಿರುಗಿಸಲು ಯಾವ ಲೋಹವೂ ಸಿಗಬಾರದು. ಬಾಗಿಲು ಸಾಗವಾನಿಯದು. ಅದೇ ವಯಸ್ಸಿನ ಸಾಗವಾನಿಯ ತುಂಡನ್ನು ಪರಿಚಯದ ಆಚಾರಿಯೊಬ್ಬರು ಹಳೆಯ ಕಿಟಕಿಯ ಬಾಗಿಲೊಂದರಿಂದ ಕೊಯ್ದು ಕೊಟ್ಟರು. ಕೊಡುವಾಗ ಅವರು ಹೇಳಿದ್ದಿಷ್ಟು: “ಮಾಸ್ತರ್ರೇ, ನಡುಪಟ್ಟಿಯ ಎಳೆ ಅಡ್ಡ ಉಂಟು, ತುಂಡಿನ ಎಳೆಯೂ ಅಡ್ಡವೇ ಬರ್ಬೇಕು. ಉದ್ದಕ್ಕೆ ಕೂರಿಸಿದ್ರೆ ಮಳೆಗಾಲದಲ್ಲಿ ಸಂದು ಬಾಯಿ ಬಿಡ್ತದೆ.” ಮರ ತೇವ ಕುಡಿದಾಗ ಹಿಗ್ಗುವುದು ಎಳೆಯ ಅಡ್ಡಕ್ಕೆ, ಉದ್ದಕ್ಕೆ ಹಿಗ್ಗುವುದು ತೀರ ಕಡಿಮೆ. ಎರಡೂ ಮರಗಳು ಒಂದೇ ಜಾತಿಯವಾಗಿ, ಎಳೆಗಳೂ ಒಂದೇ ದಿಕ್ಕಿನಲ್ಲಿದ್ದರೆ ಅವು ಒಟ್ಟಿಗೆ ಹಿಗ್ಗಿ ಒಟ್ಟಿಗೆ ಕುಗ್ಗುತ್ತವೆ. ಕೆಲಸವನ್ನು ಡಿಸೆಂಬರಿನ ಒಣಹವೆಗೆಂದು ಕಾದಿರಿಸಿದ್ದೂ ಇದೇ ಕಾರಣಕ್ಕೆ.

ಕಂಡಿಯ ಒಳಗೋಡೆಗಳ ಹಳೆಯ ಬಣ್ಣ, ಧೂಳು, ಜೇಡರಬಲೆಗಳನ್ನು ಉಳಿಯಿಂದ ಕೆರೆದು ತೆಗೆದು, ನಾಲ್ಕೂ ಬದಿಗಳನ್ನು ಹೊರಮೈಯ ಕಡೆಗೆ ಸ್ವಲ್ಪ ಅಗಲವಾಗುವಂತೆ ಓರೆಯಾಗಿ ಕೆತ್ತಿದೆ. ತುಂಡನ್ನೂ ಅದೇ ಓರೆಗೆ ತಕ್ಕಂತೆ ಕೀಸಿದೆ. ಹೀಗೆ ಮಾಡಿದರೆ ಅದು ಸೀಸೆಯ ಬಿರಡೆಯಂತೆ ಕೂರುತ್ತದೆ: ಹೊರಗಿನಿಂದ ಒತ್ತಿದಷ್ಟೂ ಬಿಗಿಯಾಗುತ್ತದೆಯೇ ಹೊರತು ಒಳಗೆ ಬೀಳುವುದಿಲ್ಲ. ಈ ಕೆಲಸದಲ್ಲಿ ಹೊತ್ತು ಹಿಡಿದದ್ದು ಇದೊಂದೇ. ಕಂಡಿಯ ಗೋಡೆಗಳಿಗೆ ಸೀಮೆಸುಣ್ಣ ಬಳಿದು, ತುಂಡನ್ನು ಮೆಲ್ಲಗೆ ಕೊಡತಿಯಿಂದ ತಟ್ಟಿ ಹೊರತೆಗೆದರೆ, ಉಬ್ಬಿದ ಜಾಗಗಳಲ್ಲಿ ಮಾತ್ರ ಬಿಳಿ ಗುರುತು ಹತ್ತಿರುತ್ತದೆ. ಆ ಜಾಗವನ್ನಷ್ಟೇ ಉಳಿಯಿಂದ ಒಂದು ಎಳೆ ಕೆರೆದು ಮತ್ತೆ ಕೂರಿಸಬೇಕು, ಮತ್ತೆ ನೋಡಬೇಕು. ಬಿಳಿ ಬಣ್ಣ ನಾಲ್ಕೂ ಬದಿಗೆ ಸಮನಾಗಿ ಹತ್ತುವವರೆಗೆ ಇದನ್ನೇ ಮಾಡಿದೆ. ಮೂವತ್ತು ವರ್ಷ ಕರಿಹಲಗೆಯ ಮೇಲೆ ಸವೆಸಿದ ಸೀಮೆಸುಣ್ಣಕ್ಕೆ ಇಂಥ ಉಪಯೋಗವೂ ಇದೆಯೆಂದು ತಿಳಿದು ನನಗೆ ಖುಷಿಯಾಯಿತು.

ಸಾಗವಾನಿಯಲ್ಲಿ ಎಣ್ಣೆಯ ಅಂಶ ಹೆಚ್ಚಿರುವುದರಿಂದ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಸೀಮೆಸುಣ್ಣವನ್ನು ಪೂರ್ತಿ ಒರೆಸಿ, ಎರಡೂ ಮೈಗಳನ್ನು ಥಿನ್ನರ್ ಅದ್ದಿದ ಬಟ್ಟೆಯಿಂದ ಉಜ್ಜಿ, ಅದು ಆರಿದ ಕೂಡಲೇ ಅರಾಲ್ಡೈಟ್ ಹಚ್ಚಿ ತುಂಡನ್ನು ಕೂರಿಸಿದೆ. ಬಾಗಿಲಿನ ನಡುವಿಗೆ ಕ್ಲಾಂಪ್ ನಿಲುಕುವುದಿಲ್ಲ. ಬಾಗಿಲನ್ನೇ ಕಳಚಿ ಮಲಗಿಸಿದರೆ ರಾತ್ರಿಯಿಡೀ ಮನೆ ತೆರೆದಿರುತ್ತದೆ. ಆದ್ದರಿಂದ ಬಾಗಿಲನ್ನು ಮುಚ್ಚಿ ಒಳಗಿನಿಂದ ಅಗುಳಿ ಹಾಕಿಸಿ, ಜಗಲಿಯ ಕಂಬಕ್ಕೂ ತುಂಡಿಗೂ ನಡುವೆ ಬಿದಿರಿನ ಗಳುವೊಂದನ್ನು ಅಡ್ಡ ಕೊಟ್ಟು ಕಂಬದ ಕಡೆ ಬೆಣೆ ಬಡಿದೆ. ಗಳುವಿನ ತುದಿಗೂ ಮರಕ್ಕೂ ನಡುವೆ ಪ್ಲಾಸ್ಟಿಕ್ ಹಾಳೆ ಇಡಬೇಕು, ಇಲ್ಲವಾದರೆ ಉಕ್ಕಿದ ಅಂಟಿಗೆ ಗಳುವೂ ಅಂಟಿಕೊಂಡೀತು. ಆ ರಾತ್ರಿ ಎಲ್ಲರೂ ಹಿತ್ತಲ ಬಾಗಿಲಿನಿಂದ ಓಡಾಡಿದೆವು.

ಮರುದಿನ ಹೊರಗೆ ನೂಲಿನಷ್ಟು ಉಬ್ಬಿಸಿ ಬಿಟ್ಟಿದ್ದ ತುಂಡನ್ನು ಕೀಸುಳಿಯಿಂದ ಸಮ ಮಾಡಿ, ಪಾಲಿಶ್ ಕಾಗದದಿಂದ ಎಳೆಯ ಗುಂಟ ಉಜ್ಜಿದೆ. ಒಳಬದಿಗೆ ಕಂಡಿಗಿಂತ ಎಲ್ಲ ಕಡೆ ಒಂದು ಇಂಚು ದೊಡ್ಡದಾದ ಎರಡು ಮಿಲಿಮೀಟರ್ ದಪ್ಪದ ಸ್ಟೀಲ್ ಪಟ್ಟಿ ಇಟ್ಟು, ಕೆಲವು ಸ್ಕ್ರೂಗಳು ನಡುಪಟ್ಟಿಗೂ ಕೆಲವು ಹೊಸ ತುಂಡಿಗೂ ಹಿಡಿಯುವಂತೆ ಬಿಗಿದೆ. ತುಂಡನ್ನು ಹೊರಗೆ ಎಳೆಯದಂತೆ ತಡೆಯುವುದು ಈ ಎರಡನೆಯ ಸ್ಕ್ರೂಗಳೇ. ಸ್ಟೀಲು ಕೊಳ್ಳುವಾಗ 316 ದರ್ಜೆಯದನ್ನೇ ಕೇಳಿ ಪಡೆಯಬೇಕು. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ 304 ದರ್ಜೆ ಒಳನಾಡಿಗೆ ಸಾಕು. 316ರಲ್ಲಿ ಮಾಲಿಬ್ಡಿನಂ ಬೆರೆತಿರುವುದರಿಂದ ಉಪ್ಪುಗಾಳಿಗೆ ಅದು ಹೆಚ್ಚು ತಾಳುತ್ತದೆ. ಸ್ಕ್ರೂಗಳೂ ಅದೇ ದರ್ಜೆಯವಾಗಿರಲಿ.

ಬಣ್ಣಕ್ಕೆ ಬೇಯಿಸಿದ ಅಗಸೆ ಎಣ್ಣೆಯನ್ನು ತೆಳ್ಳಗೆ ಎರಡು ಸಲ ಹಚ್ಚಿದೆ. ನಮ್ಮ ಕಡೆ ಮರಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವವರೂ ಇದ್ದಾರೆ. ಅದು ಹುಳಕ್ಕೂ ನೀರಿಗೂ ಒಳ್ಳೆಯದಾದರೂ ಮರವನ್ನು ಕಪ್ಪಾಗಿಸುತ್ತದೆ, ಕೈಗೆ ತಾಗಿದರೆ ಚರ್ಮ ಬೊಬ್ಬೆ ಏಳುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು, ಆರುತ್ತಾ ತಾನೇ ಬಿಸಿಯಾಗಿ ಹೊತ್ತಿಕೊಳ್ಳುವ ಸಂಭವವಿದೆ. ಬಯಲಲ್ಲಿ ಹರಡಿ ಒಣಗಿಸಿದ ಮೇಲೆಯೇ ಎಸೆದೆ. ಹತ್ತಿರ ನಿಂತು ನೋಡಿದರೆ ಈಗಲೂ ಕಂಡಿ ಇದ್ದ ಜಾಗದ ಗೆರೆ ಕಾಣುತ್ತದೆ, ಅದನ್ನು ಅಡಗಿಸಲು ನಾನು ಯತ್ನಿಸಲಿಲ್ಲ.

ಪತ್ರಗಳಿಗೆ ಗೇಟಿನ ಕಂಬಕ್ಕೆ ಒಂದು ಅಲ್ಯುಮಿನಿಯಂ ಪೆಟ್ಟಿಗೆ ಮಾಡಿಸಿದೆ. ಬಾಯಿ ಪೂರ್ವಕ್ಕೆ, ಅಂದರೆ ಮಳೆಗಾಳಿಗೆ ಬೆನ್ನು ಮಾಡಿದ ಕಡೆಗೆ. ಮೇಲೆ ಮುಂದಕ್ಕೆ ಚಾಚಿದ ಇಳಿಜಾರು ಸೂರು. ಬಾಯಿಯ ಒಳಗೆ ಕೆಳಕ್ಕೆ ಓರೆಯಾದ ತಗಡು, ಪತ್ರ ಜಾರಿ ಬೀಳಲು ಅಡ್ಡಿಯಿಲ್ಲ, ಕೈ ಹಾಕಿ ತೆಗೆಯಲು ಬರುವುದಿಲ್ಲ. ಮಾಸಪತ್ರಿಕೆಯನ್ನು ಮಡಿಸದೆ ಹಾಕುವಷ್ಟು ಅಗಲವಿದೆ. ತಳದಲ್ಲಿ ನೀರು ಇಳಿಯಲು ಸಣ್ಣ ತೂತುಗಳಿವೆ. ದಿನಪತ್ರಿಕೆಗೆ ಪೆಟ್ಟಿಗೆಯ ಕೆಳಗೆ ನಾಲ್ಕು ಇಂಚಿನ ಪಿವಿಸಿ ಪೈಪಿನ ತುಂಡು ಕಟ್ಟಿದ್ದು ಸಾಕಾಯಿತು.

ಪೋಸ್ಟ್‌ಮನ್‌ಗೆ ನಾನೇ ತೋರಿಸಿದೆ, ಬದಲಿಯಾಗಿ ಬರುವವರಿಗೆಂದು ಪೆಟ್ಟಿಗೆಯ ಮೇಲೆ ಹೆಸರು, ಮನೆ ನಂಬರು ಮತ್ತು ಪಿನ್ ಕೋಡನ್ನು ಬರೆಸಿದೆ. ಬಿಲ್ಲು ಕೊಡುವ ಹುಡುಗ ಮಾತ್ರ ಅದನ್ನು ಓದದೆ ಕೆಲವು ತಿಂಗಳು ಬಾಗಿಲಿನ ಸಂದಿಗೇ ಸಿಕ್ಕಿಸುತ್ತಿದ್ದ. ಕೀಲಿಗಳು ಈಗ ಮೊಳೆಯಲ್ಲಿಲ್ಲ, ಒಳಕೋಣೆಯ ಕಪಾಟಿನಲ್ಲಿವೆ. ಪೆಟ್ಟಿಗೆಯ ಬೀಗಕ್ಕೆ ಮಳೆಗಾಲಕ್ಕೆ ಮುಂಚೆ ಹೊಲಿಗೆ ಯಂತ್ರದ ಎಣ್ಣೆ ಬಿಡಬೇಕಾಗುತ್ತದೆ. ಮಳೆ ನಿಂತ ಮೇಲೆ ಕುಂಬಾರ ಹುಳ ತಳದ ತೂತುಗಳಿಗೆ ಮಣ್ಣು ಮೆತ್ತಿರುತ್ತದೆ, ಅದನ್ನು ಕಡ್ಡಿಯಿಂದ ತೆಗೆದು ಬಿಡಿಸುತ್ತೇನೆ.