ಟಿವಿ ತೂಗುಹಾಕುವ ಮೊದಲು ಗೋಡೆಗೆ ರಟ್ಟು ಅಂಟಿಸಿ

ಹೊಸ ಟಿವಿಗಾಗಿ ಗೋಡೆ ಕೊರೆಯುವ ಮೊದಲು ಅದೇ ಅಳತೆಯ ರಟ್ಟು ಕತ್ತರಿಸಿ, ಆ ಜಾಗದಲ್ಲಿ ಟೇಪಿನಿಂದ ಅಂಟಿಸಿ, ಮೂರು ದಿನ ಹಾಗೇ ಬಿಡಿ. 43 ಇಂಚಿನ ಟಿವಿ ಅಂದರೆ ಸುಮಾರು 96 ಸೆಂ.ಮೀ. ಅಗಲ, 55 ಸೆಂ.ಮೀ. ಎತ್ತರ. ಅಂಗಡಿಯಲ್ಲಿ ಚಿಕ್ಕದಾಗಿ ಕಂಡದ್ದು ನಮ್ಮ ಜಗಲಿಯಲ್ಲಿ, ಅಂದರೆ ಹಾಲ್‌ನಲ್ಲಿ, ಎಷ್ಟು ದೊಡ್ಡದು ಅಂತ ಆಗಲೇ ಗೊತ್ತಾಗುತ್ತದೆ. ದಿನಾ ಕೂರುವ ಜಾಗದಲ್ಲೇ ಕೂತು ನೋಡಿ. ರಟ್ಟಿನ ನಡುಭಾಗ ಕಣ್ಣಿನ ಮಟ್ಟಕ್ಕೆ ಬರಬೇಕು, ಕತ್ತು ಎತ್ತಬೇಕಾದರೆ ಕೆಳಗಿಳಿಸಿ. ರಟ್ಟು ಹೊಳೆಯುವುದಿಲ್ಲ ಅಲ್ವಾ, ಹಾಗಾಗಿ ಸಂಜೆ ಐದರ ಹೊತ್ತಿಗೆ ಅದರ ಮೇಲೆ ಮನೆಯವರ ಕೈಲಿ ಒಂದು ಕನ್ನಡಿ ಹಿಡಿಸಿ. ಕೂತಲ್ಲಿಂದ ಕನ್ನಡಿಯಲ್ಲಿ ಕಿಟಕಿಯ ಬಿಸಿಲು ಕಂಡರೆ ಟಿವಿಯಲ್ಲೂ ಅದೇ ಕಾಣುತ್ತದೆ. ಮಲಗುವ ಕೋಣೆಗೂ ಒಂದು ಬೇಕು ಅನ್ನುವವರು ಅಲ್ಲೂ ರಟ್ಟು ಅಂಟಿಸಿ, ಮಲಗಿ ನೋಡಿ. ನನ್ನ ಪ್ರಕಾರ ಅಲ್ಲಿ ಬೇಡವೇ ಬೇಡ, ಮಕ್ಕಳ ನಿದ್ದೆ ಕೆಡುತ್ತದೆ. ಆದರೆ ಗೋಡೆಯ ಗುಣ ರಟ್ಟಿನಿಂದ ತಿಳಿಯುವುದಿಲ್ಲ. ಕರಾವಳಿಯ ಕಾರವಾರ, ಅಂಕೋಲಾ, ಕುಮಟಾ ಕಡೆ ಗಾಳಿಮಳೆ ಜಾಸ್ತಿ ಬಡಿಯುವುದು ಪಡುವಣ ಹೊರಗೋಡೆಗೆ. ಬೇಸಿಗೆಯಲ್ಲಿ ಒಣಗಿ ಗಟ್ಟಿಯಾಗಿ ಕಾಣುವ ಗೋಡೆ ಜುಲೈನಲ್ಲಿ ತೇವ ಹಿಡಿದು, ಬಣ್ಣ ಗುಳ್ಳೆ ಏಳುತ್ತದೆ. ಅಲ್ಲಿ ಬೇಡ, ಒಳಗೋಡೆಗೆ ಹಾಕಿ. ಚಿರೆಕಲ್ಲಿನ (ಜಂಬಿಟ್ಟಿಗೆಯ) ಗೋಡೆ ಕೊರೆಯುವಾಗ ಕೆಂಪು ಪುಡಿ ಉದುರುತ್ತಲೇ ಇದ್ದು ಸ್ಕ್ರೂ ಸಡಿಲವಾದರೆ ಸುಮ್ನೆ ಹಟ ಮಾಡಬೇಡಿ, ಟಿವಿಯನ್ನು ಮೇಜಿನ ಮೇಲೇ ಇಡಿ.