ಜುಲೈ ತಿಂಗಳ ಲೆಕ್ಕ: ಮ್ಯಾರಿನರ್ಸ್ ಪ್ಲೇಆಫ್‌ಗೆ ಹೋಗ್ತಾರಾ, ಇಲ್ವಾ?

ಜುಲೈ ಬಂತೆಂದರೆ ಸಿಯಾಟಲ್‌ನ ನಮ್ಮ ಗೆಳೆಯರ ಗುಂಪು ಎರಡು ಪಕ್ಷವಾಗುತ್ತದೆ. ನಮ್ಮೂರ ಬೇಸ್‌ಬಾಲ್ ತಂಡ ಮ್ಯಾರಿನರ್ಸ್ ಸಾಲಾಗಿ ಮೂರು ಪಂದ್ಯ ಗೆದ್ದರೆ ಸಾಕು, ಒಂದು ಪಕ್ಷದವರು ಅಕ್ಟೋಬರ್‌ನ ಪ್ಲೇಆಫ್ ಟಿಕೆಟ್ ಎಷ್ಟಿದೆ ಅಂತ ನೋಡಲು ಶುರು ಮಾಡುತ್ತಾರೆ. ಮೂರು ಸೋತರೆ ಇನ್ನೊಂದು ಪಕ್ಷದವರು, 'ಮುಗೀತು ಗುರೂ, ಮುಂದಿನ ವರ್ಷ ನೋಡೋಣ' ಅಂತಾರೆ. ಆರ್‌ಸಿಬಿ ನೋಡಿ ಬೆಳೆದವರಿಗೆ ಈ ಎರಡು ಕಾಯಿಲೆಯೂ ಗೊತ್ತು. ಮೇ ತಿಂಗಳಲ್ಲಿ ನೆಟ್ ರನ್ ರೇಟ್ ಕೂಡಿಸಿ ಕಳೆದು ಪಳಗಿದ ಕೈ ನಮ್ಮದು. 2024ರಲ್ಲಿ ಮೊದಲ ಎಂಟು ಪಂದ್ಯದಲ್ಲಿ ಏಳು ಸೋತ ತಂಡ ಆಮೇಲೆ ಆರಕ್ಕೆ ಆರೂ ಗೆದ್ದು ಒಳಗೆ ಹೋಗಿದ್ದನ್ನು ಕಣ್ಣಾರೆ ಕಂಡಿದ್ದೇವೆ. ಆದರೆ ಐಪಿಎಲ್‌ನಲ್ಲಿ ಲೀಗ್ ಪಂದ್ಯ 14, ಬೇಸ್‌ಬಾಲ್‌ನಲ್ಲಿ 162. ಇಲ್ಲಿ ಮೂರು ಗೆಲುವು, ಮೂರು ಸೋಲು ಅಂದರೆ ಏನೂ ಅಲ್ಲ. ಹಾಗಿದ್ದರೆ ಯಾವುದು ಲೆಕ್ಕಕ್ಕೆ ಬರುತ್ತದೆ? ಅದಕ್ಕೇ ನಾನು ಎಕ್ಸೆಲ್ ತೆರೆದು ಕೂತಿದ್ದು.

ನಮ್ಮ ಜಗಳದಲ್ಲಿ ಎರಡು ಪ್ರಶ್ನೆ ಕಲಸಿಹೋಗಿರುತ್ತವೆ. ತಂಡ ನಿಜಕ್ಕೂ ಎಷ್ಟು ಚೆನ್ನಾಗಿದೆ ಅನ್ನುವುದು ಒಂದು. ಪ್ಲೇಆಫ್‌ಗೆ ಹೋಗುವ ಅವಕಾಶ ಎಷ್ಟು ಅನ್ನುವುದು ಇನ್ನೊಂದು. ಒಳ್ಳೆ ತಂಡ ಹಿಂದೆ ಬಿದ್ದಿರಬಹುದು. ಸಾಧಾರಣ ತಂಡ ಗೆಲುವುಗಳನ್ನು ಈಗಾಗಲೇ ಜೇಬಿಗೆ ಹಾಕಿಕೊಂಡಿರಬಹುದು. ಆ ಗೆಲುವನ್ನು ಯಾರೂ ವಾಪಸ್ ಕೇಳುವುದಿಲ್ಲ. ಒಬ್ಬ ಮೊದಲನೇ ಪ್ರಶ್ನೆಗೆ ಉತ್ತರ ಕೊಡುತ್ತಿರುತ್ತಾನೆ, ಇನ್ನೊಬ್ಬ ಎರಡನೆಯದಕ್ಕೆ. ಇಬ್ಬರೂ ಗಂಟಲು ಹರಿದುಕೊಳ್ಳುತ್ತಾರೆ. ನನ್ನ ಶೀಟ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಪುಟ.

ಮೊದಲ ಪುಟದಲ್ಲಿ ಗೆಲುವು ಸೋಲು ನೋಡುವುದೇ ಇಲ್ಲ. ಹೊಡೆದ ರನ್ ಎಷ್ಟು, ಬಿಟ್ಟುಕೊಟ್ಟ ರನ್ ಎಷ್ಟು, ಅಷ್ಟೇ. ಬೇಸ್‌ಬಾಲ್ ಅಂಕಿಅಂಶ ಅಂದರೆ ಮೊದಲು ನೆನಪಾಗುವ ಬಿಲ್ ಜೇಮ್ಸ್ ಇದಕ್ಕೊಂದು ಸೂತ್ರ ಕೊಟ್ಟಿದ್ದಾರೆ. ಹೊಡೆದ ರನ್ನಿನ ವರ್ಗವನ್ನು, ಎರಡೂ ರನ್ನುಗಳ ವರ್ಗದ ಮೊತ್ತದಿಂದ ಭಾಗಿಸಿದರೆ ತಂಡ ಎಷ್ಟು ಪಾಲು ಪಂದ್ಯ ಗೆಲ್ಲಬೇಕಿತ್ತು ಅಂತ ಸಿಗುತ್ತದೆ. ಬಾಯಿಲೆಕ್ಕಕ್ಕೆ ಇನ್ನೂ ಸುಲಭದ್ದೊಂದಿದೆ. ಸರಿಸುಮಾರು ಹತ್ತು ರನ್ ಅಂದರೆ ಒಂದು ಗೆಲುವು. 162ರ ಅರ್ಧ 81. ರನ್ ಅಂತರ ಪ್ಲಸ್ 50 ಇದ್ದರೆ 86, ಮೈನಸ್ 50 ಇದ್ದರೆ 76.

ಈ ಲೆಕ್ಕ ತಲೆಗೆ ಹತ್ತಿದ್ದು 2021ರ ಮ್ಯಾರಿನರ್ಸ್‌ನಿಂದ. ಆ ವರ್ಷ ಅವರು ಹೊಡೆದದ್ದು 697 ರನ್, ಕೊಟ್ಟದ್ದು 748. ಅಂತರ ಮೈನಸ್ 51. ಸೂತ್ರದ ಪ್ರಕಾರ 75, 76 ಗೆಲ್ಲಬೇಕು. ಗೆದ್ದದ್ದು 90! ಒಂದೇ ರನ್ ಅಂತರದ ಪಂದ್ಯಗಳಲ್ಲಿ 33 ಗೆಲುವು, 19 ಸೋಲು. ಸೋಲುವಾಗ ಹಿಗ್ಗಾಮುಗ್ಗಾ ಸೋತು, ಗೆಲ್ಲುವಾಗ ಕೂದಲೆಳೆಯಲ್ಲಿ ಗೆಲ್ಲುತ್ತಿದ್ದರು. ಇಷ್ಟಾದರೂ ಪ್ಲೇಆಫ್ ಸಿಗಲಿಲ್ಲ ಅನ್ನುವುದು ಬೇರೆ ಮಾತು. 116 ಪಂದ್ಯ ಗೆದ್ದ 2001ರ ನಂತರ ಈ ಊರು ಕಾಯುತ್ತಲೇ ಇತ್ತು.

'ಬುಲ್‌ಪೆನ್ ಚೆನ್ನಾಗಿದೆ, ಅದಕ್ಕೇ ಸಣ್ಣ ಅಂತರದಲ್ಲಿ ಗೆಲ್ತಾರೆ, ಇದು ಅದೃಷ್ಟ ಅಲ್ಲ' ಅಂತ ವಾದಿಸುವವರು ಇದ್ದೇ ಇರುತ್ತಾರೆ. ಪಿಚರ್ ಅಂದರೆ ನಮ್ಮ ಬೌಲರ್ ಇದ್ದ ಹಾಗೆ, ಬುಲ್‌ಪೆನ್ ಅಂದರೆ ಪಂದ್ಯದ ಕೊನೆಯ ಭಾಗಕ್ಕೆ ಬರುವ ಪಿಚರ್‌ಗಳು. ಸ್ವಲ್ಪ ಮಟ್ಟಿಗೆ ನಿಜ. ಕೊನೆಯ ಮೂರು ಇನ್ನಿಂಗ್ಸ್‌ಗೆ ಗಟ್ಟಿ ಪಿಚರ್‌ಗಳಿದ್ದರೆ ಒಂದೆರಡು ಗೆಲುವು ಜಾಸ್ತಿ ಬರುತ್ತದೆ. ಆದರೆ ಹದಿನಾಲ್ಕು ಬರುವುದಿಲ್ಲ. 2018ರಲ್ಲೂ ಇದೇ ಕಥೆಯಾಗಿತ್ತು. ಕೊನೆಗೆ ಬರುವ ಪಿಚರ್ ಎಡ್ವಿನ್ ಡಿಯಾಜ್ 57 ಸೇವ್ ಮಾಡಿದ, ಅಂದರೆ ಅಷ್ಟು ಪಂದ್ಯದಲ್ಲಿ ಸಣ್ಣ ಮುನ್ನಡೆಯನ್ನು ಕೊನೆವರೆಗೆ ಕಾಯ್ದ, ತಂಡ 89 ಗೆದ್ದಿತು, ರನ್ ಅಂತರ ಮಾತ್ರ ಮೈನಸ್ 34. ಮ್ಯಾನೇಜ್‌ಮೆಂಟ್‌ನವರು ಆ 89ನ್ನು ನಂಬಲಿಲ್ಲ. ಚಳಿಗಾಲದಲ್ಲೇ ಡಿಯಾಜ್‌ನನ್ನು ನ್ಯೂಯಾರ್ಕ್ ಮೆಟ್ಸ್‌ಗೆ ಕೊಟ್ಟು ತಂಡವನ್ನೇ ಬಿಚ್ಚಿದರು. 2019ರಲ್ಲಿ ಬಂದದ್ದು 68 ಗೆಲುವು. ಆಗ ಎಲ್ಲರೂ ಬೈದರು. ನನ್ನ ಮಟ್ಟಿಗೆ ಅದು ಸರಿಯಾದ ನಿರ್ಧಾರ.

ರನ್ ಅಂತರ ನೋಡುವುದರಲ್ಲಿ ಇನ್ನೊಂದು ಲಾಭವಿದೆ. ನಮ್ಮ ಟಿ-ಮೊಬೈಲ್ ಪಾರ್ಕ್‌ನಲ್ಲಿ ರನ್ ಬರುವುದೇ ಕಷ್ಟ. ಸಂಜೆ ಸಮುದ್ರದ ಕಡೆಯಿಂದ ತಣ್ಣನೆ ಗಾಳಿ ಬರುತ್ತಿರುತ್ತದೆ. ಬ್ಯಾಟಿಗೆ ಸಿಕ್ಕ ಸದ್ದು ಕೇಳಿ ಜನರೆಲ್ಲ ಎದ್ದು ನಿಲ್ಲುತ್ತಾರೆ, ಚೆಂಡು ಹೋಗಿ ಗೋಡೆಗೆ ನಾಲ್ಕು ಹೆಜ್ಜೆ ಮುಂಚೆ ಫೀಲ್ಡರ್ ಗ್ಲೌಸ್‌ನಲ್ಲಿ ಕೂರುತ್ತದೆ. ಎಲ್ಲರೂ 'ಅಯ್ಯೋ' ಅಂತ ಕೂತು ಮತ್ತೆ ಬೆಳ್ಳುಳ್ಳಿ ಫ್ರೈಸ್‌ಗೆ ಕೈ ಹಾಕುತ್ತಾರೆ. ಹುರಿದ ಮಿಡತೆಯನ್ನೂ ಮಾರುತ್ತಾರೆ ಅಲ್ಲಿ, ನಾನಿನ್ನೂ ಅಷ್ಟು ಮುಂದುವರಿದಿಲ್ಲ. ಹೀಗಾಗಿ ನಮ್ಮ ಬ್ಯಾಟರ್‌ಗಳ ಸರಾಸರಿ ನೋಡಿದರೆ ದಂಡ ಅನಿಸುತ್ತಾರೆ, ಪಿಚರ್‌ಗಳನ್ನು ನೋಡಿದರೆ ದೇವರು ಅನಿಸುತ್ತಾರೆ. ಎರಡೂ ಪೂರ್ತಿ ನಿಜವಲ್ಲ. ಎದುರಾಳಿಯೂ ಅದೇ ಗಾಳಿಯಲ್ಲಿ ಆಡುವುದರಿಂದ ಅಂತರ ಮಾತ್ರ ಅಷ್ಟಾಗಿ ಮೋಸ ಮಾಡುವುದಿಲ್ಲ.

ಎರಡನೇ ಪುಟಕ್ಕೆ ಬರೋಣ. ಇರುವ ಎರಡು ಲೀಗ್‌ಗಳಲ್ಲಿ ನಮ್ಮದು ಅಮೆರಿಕನ್ ಲೀಗ್. ಅದರಲ್ಲಿ 15 ತಂಡ, ಐದೈದರ ಮೂರು ಡಿವಿಷನ್. ಡಿವಿಷನ್ ಗೆದ್ದ ಮೂವರು ಒಳಗೆ. ಮಿಕ್ಕವರಲ್ಲಿ ಮೇಲಿರುವ ಮೂವರು ವೈಲ್ಡ್ ಕಾರ್ಡ್ ಹಿಡಿದು ಒಳಗೆ. ನ್ಯಾಷನಲ್ ಲೀಗ್‌ನಲ್ಲೂ ಹೀಗೇ. 2022ರಿಂದ ಇದೇ ವ್ಯವಸ್ಥೆ. ಹಾಗಾದರೆ ಒಳಗೆ ಹೋಗಲು ಎಷ್ಟು ಗೆಲ್ಲಬೇಕು? ನಮ್ಮ ಲೀಗ್‌ನಲ್ಲಿ ಕೊನೆಯ ವೈಲ್ಡ್ ಕಾರ್ಡ್ ತಂಡ 2022ರಲ್ಲಿ 86 ಗೆದ್ದಿತ್ತು, 2023ರಲ್ಲಿ 89, 2024ರಲ್ಲಿ 86, 2025ರಲ್ಲಿ 87. ಆ ಕಡೆ ನ್ಯಾಷನಲ್ ಲೀಗ್‌ನಲ್ಲಿ 87, 84, 89, 83. ನಾನು 87 ಅಂತ ಗೆರೆ ಎಳೆದುಕೊಂಡಿದ್ದೇನೆ. 'ನೂರು ಗೆಲ್ಲಬೇಕು' ಅನ್ನುವವರ ಬಾಯಿ ಮುಚ್ಚಿಸಲು ಇಷ್ಟು ಸಾಕು.

ಈಗ ನಮ್ಮವರು 87 ಮುಟ್ಟುತ್ತಾರಾ ಅಂತ ನೋಡಬೇಕು. ಈವರೆಗೆ ಗೆದ್ದ ಪ್ರಮಾಣವನ್ನೇ ಹಿಡಿದು ಉಳಿದ ಪಂದ್ಯಕ್ಕೂ ಗುಣಿಸಿದರೆ ಲೆಕ್ಕ ಕೆಡುತ್ತದೆ. ಚೆನ್ನಾಗಿ ಆಡುತ್ತಿರುವ ತಂಡ ಸ್ವಲ್ಪ ಇಳಿಯುತ್ತದೆ, ಕೆಟ್ಟದಾಗಿ ಆಡುತ್ತಿರುವುದು ಸ್ವಲ್ಪ ಏರುತ್ತದೆ. ಅದಕ್ಕೆ ಅಂಕಿಅಂಶದವರು ಬಳಸುವ ಒಂದು ಉಪಾಯವಿದೆ. ಇರುವ ದಾಖಲೆಗೆ ಸುಮಾರು 70 ಪಂದ್ಯ ಸೇರಿಸಬೇಕು, 35 ಗೆಲುವು, 35 ಸೋಲು. ಆಮೇಲೆ ಬರುವ ಪ್ರಮಾಣವನ್ನು ಉಳಿದ ಪಂದ್ಯಗಳಿಗೆ ಹಚ್ಚಬೇಕು. ಹೆಪ್ಪು ಹಾಕಿದ ಹಾಗೆ, ಹದ ಬರಲು ಅಷ್ಟು ಬೇಕೇ ಬೇಕು.

2025ರಲ್ಲಿ ಜುಲೈ ಮಧ್ಯದ ಆಲ್‌ಸ್ಟಾರ್ ಬಿಡುವಿನಲ್ಲಿ ಮ್ಯಾರಿನರ್ಸ್ 51-45, ಅಂದರೆ 51 ಗೆಲುವು, 45 ಸೋಲು. ನಮ್ಮದೇ ಡಿವಿಷನ್‌ನ ಹ್ಯೂಸ್ಟನ್ ಆಸ್ಟ್ರೋಸ್ 56-40, ನಮಗಿಂತ ಐದು ಪಂದ್ಯ ಮುಂದೆ (ಗೆಲುವಿನ ಅಂತರ, ಸೋಲಿನ ಅಂತರ ಎರಡನ್ನೂ ಕೂಡಿಸಿ ಅರ್ಧ ಮಾಡಿದ್ದು). ನಮ್ಮದಕ್ಕೆ 35-35 ಸೇರಿಸಿದರೆ 86-80, ಅಂದರೆ ನೂರಕ್ಕೆ ಸುಮಾರು 52. ಉಳಿದದ್ದು 66 ಪಂದ್ಯ, ಅದರಲ್ಲಿ 34 ಗೆಲುವು. ಒಟ್ಟು 85. ಗೆರೆಗೆ ಎರಡು ಕಡಿಮೆ. ಹ್ಯೂಸ್ಟನ್‌ಗೆ ಇದೇ ಲೆಕ್ಕ ಹಾಕಿದರೆ 92.

ಆದರೆ 35-35 ಅನ್ನುವುದು ಏನೂ ಗೊತ್ತಿಲ್ಲದ ತಂಡಕ್ಕೆ. ನಮಗೆ ಸ್ವಲ್ಪ ಗೊತ್ತಿತ್ತು. ನಮ್ಮ ಪಿಚರ್‌ಗಳಾದ ಜಾರ್ಜ್ ಕರ್ಬಿ, ಲೋಗನ್ ಗಿಲ್ಬರ್ಟ್, ಬ್ರೈಸ್ ಮಿಲ್ಲರ್ ಮೂವರೂ ಮೊದಲರ್ಧದಲ್ಲಿ ಗಾಯವಾಗಿ ಕೂತಿದ್ದರು. ಅಂದರೆ ಆ 51-45 ನಮ್ಮ ಪೂರ್ತಿ ತಂಡದ ದಾಖಲೆಯಲ್ಲ. ಅದಕ್ಕೆ 38-32 ಹಾಕಿದೆ. ಒಟ್ಟು 86ಕ್ಕೆ ಬಂತು. ಇಲ್ಲಿಂದ ಮುಂದೆ ನಾಣ್ಯದ ಆಟ. 66 ಸಲ ನಾಣ್ಯ ಚಿಮ್ಮಿದರೆ 33 ಸಲ ತಲೆ ಬೀಳಬೇಕು, ಆದರೆ ನಾಲ್ಕು ಆಚೆ ಈಚೆ ಆಗುವುದು ಮಾಮೂಲು. ಸಮಬಲದ ತಂಡಗಳಿಗೂ ಅಷ್ಟೇ. ಹಾಗಾಗಿ 86 ಅಂದರೆ 82ರಿಂದ 90. ಪ್ಲೇಆಫ್ ಅವಕಾಶ ಅರ್ಧಕ್ಕರ್ಧ, ಡಿವಿಷನ್ ಗೆಲ್ಲುವುದು ಹತ್ತರಲ್ಲಿ ಒಂದು, ಬಹಳ ಅಂದರೆ ಎರಡು. ಗುಂಪಿನಲ್ಲಿ ಇದನ್ನೇ ಹೇಳಿದೆ. ಎರಡೂ ಪಕ್ಷದವರಿಗೂ ಇಷ್ಟವಾಗಲಿಲ್ಲ.

'ಅರ್ಧಕ್ಕರ್ಧ ಅನ್ನೋಕೆ ಎಕ್ಸೆಲ್ ಯಾಕೆ ಬೇಕಿತ್ತು ಗುರೂ?' ಅಂದ ಒಬ್ಬ.

'ನೀನು ಹೋದ ವಾರ ನೂರು ಅಂದಿದ್ದೆ, ನಿನ್ನೆ ಸೊನ್ನೆ ಅಂದೆ. ಅದಕ್ಕೆ.'

ಆಮೇಲೆ ನಡೆದದ್ದು ಎಲ್ಲರಿಗೂ ಗೊತ್ತು. ಹ್ಯೂಸ್ಟನ್ ಉಳಿದ 66ರಲ್ಲಿ 31 ಗೆದ್ದರು. ನಮ್ಮವರು 39. ಸೆಪ್ಟೆಂಬರ್‌ನಲ್ಲಿ ಹ್ಯೂಸ್ಟನ್‌ಗೇ ಹೋಗಿ ಮೂರಕ್ಕೆ ಮೂರೂ ಗೆದ್ದರು. 90-72, 2001ರ ನಂತರ ಮೊದಲ ಡಿವಿಷನ್ ಪಟ್ಟ. ನಮ್ಮ ಕ್ಯಾಚರ್ (ವಿಕೆಟ್ ಕೀಪರ್ ಇದ್ದ ಹಾಗೆ) ಕ್ಯಾಲ್ ರಾಲೀ 60 ಹೋಮ್ ರನ್ ಹೊಡೆದ, ಅಂದರೆ 60 ಸಲ ಚೆಂಡನ್ನು ಗೋಡೆ ದಾಟಿಸಿದ. ಕ್ಯಾಚರ್ ಒಬ್ಬ ಅಷ್ಟು ಹೊಡೆದದ್ದು ಇತಿಹಾಸದಲ್ಲೇ ಇಲ್ಲ. 'ಹತ್ತರಲ್ಲಿ ಒಂದು ಅಂದಿದ್ದೆ, ಈಗೇನಂತೀಯ?' ಅಂತ ಕೇಳಿದರು. ಏನನ್ನಲಿ? ಹತ್ತರಲ್ಲಿ ಒಂದು ಅಂದರೆ ಆಗುವುದಿಲ್ಲ ಅಂತ ಅಲ್ಲ. 39 ಅನ್ನುವುದು 35ಕ್ಕಿಂತ ನಾಲ್ಕು ಜಾಸ್ತಿ, ನಾಣ್ಯದ ಅಂಚಿನೊಳಗೇ ಇದೆ. ಹ್ಯೂಸ್ಟನ್ ಐದು ಕಡಿಮೆ, ಅದೂ ಅಷ್ಟೇನೂ ದೂರವಲ್ಲ. ಎರಡೂ ಒಟ್ಟಿಗೆ ಆಯಿತು.

ಬೇರೆ ತಂಡಗಳದ್ದು ನೋಡಿದರೆ ಇದು ಏನೂ ಅಲ್ಲ. 2024ರ ಆಗಸ್ಟ್ 10ರಂದು ಡೆಟ್ರಾಯಿಟ್ ಟೈಗರ್ಸ್ 55-63. ತಮ್ಮ ಒಳ್ಳೆ ಪಿಚರ್ ಜಾಕ್ ಫ್ಲಾಹರ್ಟಿಯನ್ನು ಆಗಲೇ ಮಾರಿಬಿಟ್ಟಿದ್ದರು. ಅಲ್ಲಿಂದ 31-13 ಆಡಿ ಪ್ಲೇಆಫ್‌ಗೆ ಹೋದರು. ಮುಂದಿನ ವರ್ಷ ಅದೇ ಟೈಗರ್ಸ್ ಜುಲೈನಲ್ಲಿ ಕ್ಲೀವ್‌ಲ್ಯಾಂಡ್‌ಗಿಂತ ಹದಿನೈದೂವರೆ ಪಂದ್ಯ ಮುಂದಿದ್ದು ಡಿವಿಷನ್ ಕಳೆದುಕೊಂಡರು. ನಮ್ಮದೇನು ಕಮ್ಮಿಯೇ? 2024ರ ಜೂನ್ 18ರಂದು ನಾವು 44-31, ಹ್ಯೂಸ್ಟನ್ 33-40, ಹತ್ತು ಪಂದ್ಯದ ಅಂತರ. ಒಂದು ತಿಂಗಳಿನಲ್ಲಿ ಎಲ್ಲ ಕರಗಿತು. ನನ್ನ ಸೂತ್ರದಲ್ಲಿ ನಮಗೆ 91 ಬರುತ್ತಿತ್ತು, ಬಂದದ್ದು 85. ಒಂದೇ ಗೆಲುವಿನಲ್ಲಿ ತಪ್ಪಿತು. ಹ್ಯೂಸ್ಟನ್‌ಗೆ 75 ಬರುತ್ತಿತ್ತು, ಅವರು ಗೆದ್ದದ್ದು 88. 2017ರಿಂದ 2023ರವರೆಗೆ ಸತತ ಏಳು ವರ್ಷ ಲೀಗ್ ಫೈನಲ್ ಆಡಿದ ತಂಡಕ್ಕೆ 35-35 ಹಾಕುವುದು ಅನ್ಯಾಯ. 40-30 ಹಾಕಬೇಕು. ಆಗಲೂ 78 ದಾಟುವುದಿಲ್ಲ. ಉಳಿದ ಹತ್ತನ್ನು ಅವರು ಆಡಿಯೇ ಗಳಿಸಿದರು. ಅದಕ್ಕೆ ಯಾವ ಶೀಟೂ ಇಲ್ಲ.

ಜುಲೈ ಕೊನೆಯ ವಾರ ಟ್ರೇಡ್ ಜ್ವರ ಬೇರೆ, ಅಂದರೆ ತಂಡಗಳ ನಡುವೆ ಆಟಗಾರರ ಅದಲುಬದಲು. 2025ರಲ್ಲಿ ಅರಿಜೋನಾದಿಂದ ಇಬ್ಬರು ಬ್ಯಾಟರ್‌ಗಳು, ಮೊದಲು ಜಾಶ್ ನೇಲರ್, ಆಮೇಲೆ ಯುಹೆನಿಯೊ ಸ್ವಾರೆಜ್ ಬಂದರು. ಗುಂಪಿನಲ್ಲಿ ಹಬ್ಬ. ಆದರೆ ಲೆಕ್ಕ ಹಾಕಿ ನೋಡಿ. ಪೂರ್ತಿ ಸೀಸನ್ ಆಡಿದರೆ ತಂಡಕ್ಕೆ ನಾಲ್ಕು ಗೆಲುವು ತರುವವನು ನಿಜಕ್ಕೂ ದೊಡ್ಡ ಆಟಗಾರ. ಉಳಿದಿರುವುದು ಐವತ್ತು ಚಿಲ್ಲರೆ ಪಂದ್ಯ, ಅಂದರೆ ಮೂರನೇ ಒಂದು ಭಾಗ. ಅವನು ತರುವುದು ಒಂದೂ ಕಾಲು ಗೆಲುವು. ಇಬ್ಬರು ಬಂದರೆ ಎರಡೂವರೆ. ಟ್ರೇಡ್ ಡೆಡ್‌ಲೈನ್ ಹತ್ತಿರ ಬಂದಾಗ ಇಷ್ಟು ಬೆಲೆ ಯಾಕೆ ಕೊಡುತ್ತಾರೆ ಅಂದರೆ, 85ರ ಹತ್ತಿರ ನಿಂತಿರುವ ತಂಡಕ್ಕೆ ಎರಡೂವರೆ ಅಂದರೆ ಒಳಗೆ ಹೊರಗೆ ನಡುವಿನ ವ್ಯತ್ಯಾಸ. 75ರ ತಂಡಕ್ಕೂ 100ರ ತಂಡಕ್ಕೂ ಅಷ್ಟು ಉಪಯೋಗವಿಲ್ಲ. 2021ರಲ್ಲಿ ಅಟ್ಲಾಂಟಾ ಬ್ರೇವ್ಸ್ ಆಗಸ್ಟ್‌ವರೆಗೆ ಗೆಲುವಿಗಿಂತ ಸೋಲೇ ಜಾಸ್ತಿ ಅನ್ನುವ ಸ್ಥಿತಿಯಲ್ಲಿದ್ದರು. ಅವರ ತಾರೆ ರೊನಾಲ್ಡ್ ಅಕೂನ್ಯ ಮೊಣಕಾಲಿಗೆ ಗಾಯ ಮಾಡಿಕೊಂಡು ಹೊರಗೆ. ಹೊರಗಿನಿಂದ ನಾಲ್ಕು ಔಟ್‌ಫೀಲ್ಡರ್‌ಗಳನ್ನು ತಂದರು, 88 ಗೆದ್ದರು, ಎರಡೂ ಲೀಗ್ ಗೆದ್ದವರ ನಡುವಿನ ಫೈನಲ್ ಆದ ವರ್ಲ್ಡ್ ಸೀರೀಸ್ ಕಪ್ಪನ್ನೂ ಎತ್ತಿದರು.

ಕಪ್ಪಿನ ಬಗ್ಗೆ ನಾನು ಜುಲೈನಲ್ಲಿ ಬಾಯಿ ಬಿಡುವುದಿಲ್ಲ. ನೂರಕ್ಕೆ 55 ಪಂದ್ಯ ಗೆಲ್ಲುವಷ್ಟು ಮೇಲುಗೈ ಇರುವ ತಂಡ ಮೂರು ಪಂದ್ಯದ ಸರಣಿ ಗೆಲ್ಲುವ ಸಾಧ್ಯತೆ 57, ಏಳು ಪಂದ್ಯದ್ದಾದರೆ 61. ಅಷ್ಟೇ. 2023ರಲ್ಲಿ ಅರಿಜೋನಾ 84 ಗೆದ್ದು, ಮೈನಸ್ ರನ್ ಅಂತರ ಇಟ್ಟುಕೊಂಡೇ ವರ್ಲ್ಡ್ ಸೀರೀಸ್ ಆಡಿತು. 2025ರ ಲೀಗ್ ಫೈನಲ್‌ನಲ್ಲಿ ನಾವು ಟೊರಾಂಟೊ ಎದುರು ಏಳನೇ ಪಂದ್ಯದ ಏಳನೇ ಇನ್ನಿಂಗ್ಸ್‌ವರೆಗೆ ಮುಂದಿದ್ದೆವು. ಅವರ ಜಾರ್ಜ್ ಸ್ಪ್ರಿಂಗರ್ ಒಂದೇ ಹೊಡೆತಕ್ಕೆ ಮೂರು ರನ್ ಹೊಡೆದ. 4-3ಕ್ಕೆ ಸೋತೆವು. ವರ್ಲ್ಡ್ ಸೀರೀಸ್ ಮುಖವನ್ನೇ ನೋಡದ ಒಂದೇ ತಂಡ ಇವತ್ತಿಗೂ ನಮ್ಮದು.

ಎರಡನೇ ಪುಟದಲ್ಲಿ ಈಗ ಒಂದು ಕಾಲಂ ಜಾಸ್ತಿ ಇದೆ. ಮೊದಲೆಲ್ಲ ಇಬ್ಬರು ಸಮ ಬಂದರೆ 163ನೇ ಪಂದ್ಯ ಆಡಿಸುತ್ತಿದ್ದರು. 2022ರಲ್ಲಿ ಅದನ್ನು ತೆಗೆದರು. ಈಗ ಆ ಎರಡು ತಂಡಗಳು ಪರಸ್ಪರ ಆಡಿದ ಪಂದ್ಯಗಳಲ್ಲಿ ಯಾರು ಜಾಸ್ತಿ ಗೆದ್ದಿದ್ದಾರೆ ಅಂತ ನೋಡುತ್ತಾರೆ. 2025ರಲ್ಲಿ ಟೈಗರ್ಸ್, ಹ್ಯೂಸ್ಟನ್ ಇಬ್ಬರೂ 87-75. ಟೈಗರ್ಸ್ ಒಳಗೆ, ಹ್ಯೂಸ್ಟನ್ ಹೊರಗೆ. ಆ ಕಡೆ ನ್ಯಾಷನಲ್ ಲೀಗ್‌ನಲ್ಲಿ, ಜೂನ್‌ನಲ್ಲಿ 45-24 ಇದ್ದ ಮೆಟ್ಸ್ 83ಕ್ಕೆ ಕುಸಿದು, ಸಿನ್ಸಿನಾಟಿ ಜೊತೆ ಸಮ ಬಂದು ಇದೇ ನಿಯಮಕ್ಕೆ ಮನೆಗೆ ಹೋದರು. ಹಾಗಾಗಿ ಏಪ್ರಿಲ್‌ನಲ್ಲಿ ಯಾರೂ ಗಮನಿಸದ ಮಂಗಳವಾರದ ಪಂದ್ಯವನ್ನೂ ಬರೆದಿಡುತ್ತೇನೆ. ಹ್ಯೂಸ್ಟನ್, ಟೆಕ್ಸಾಸ್, ಡೆಟ್ರಾಯಿಟ್, ಟೊರಾಂಟೊ, ಹೀಗೆ ಪೈಪೋಟಿ ಕೊಡಬಲ್ಲ ನಾಲ್ಕೈದು ತಂಡಗಳ ಎದುರು ನಮ್ಮ ಗೆಲುವೆಷ್ಟು, ಸೋಲೆಷ್ಟು. ಅದೂ ಸಮವಾದರೆ ಡಿವಿಷನ್ ಒಳಗಿನ ದಾಖಲೆ ನೋಡುತ್ತಾರೆ. ಅದಕ್ಕೂ ಒಂದು ಕಾಲಂ ಹಾಕಬೇಕು.